ಎಂಜಲು

ಚೌಬಾರದ ಗಡಿಯಾರದ ಕೆಳಗೆ ಮಲಗಿದ ನಾಯಿಯ
ಬಾಯಿ ಬಿಡಿಸಿ, ಕೆನ್ನೆಯ ಒಳಮೈಗೆ ಹತ್ತಿಕಡ್ಡಿ ಒತ್ತಿ
ಹತ್ತು ಎಣಿಸಬೇಕು. ಇದು ನನ್ನ ಕೆಲಸ.
ಬೀದರಿನ ಪಶುವೈದ್ಯ ಕಾಲೇಜಿನಲ್ಲಿ ಹಂಗಾಮಿ ಸಹಾಯಕಿ;
ದಿನಕ್ಕೆ ಹನ್ನೆರಡು ಎಂಜಲು ತಂದರೆ
ಬಸ್ ಚಾರ್ಜು ಬೇರೆ.

ಫಾರ್ಮಿನಲ್ಲಿ ಕಾಲಂಗಳಿವೆ.
ಹೆಸರು. ಅಂದಾಜು ವಯಸ್ಸು. ಒಡೆಯ.
ತಳಿ ಎಂಬಲ್ಲಿ ನಾನು 'ಬೀದಿ' ಎಂದು ಬರೆಯುತ್ತೇನೆ,
ಡಾಕ್ಟರು ಗೀಟೆಳೆದು 'ದೇಸಿ' ಮಾಡುತ್ತಾರೆ.
ನಾಯಿಗೆ ಎರಡೂ ಅಷ್ಟೆ,
ಅದು ಕಡ್ಡಿಯನ್ನೇ ಅಗಿಯಲು ನೋಡುತ್ತದೆ.

"ಥೂಕ್ ಲೇಕೋ ಕ್ಯಾ ಕರ್ತೆ ಆಪಾ?"
ಖೀಮಾ ಕೊಚ್ಚುತ್ತ ಕೇಳಿದ ಮಕದೂಮ್ ಭಾಯಿ.
ಇದರ ಮುತ್ಯಾನ ಮುತ್ಯಾ ಎಲ್ಲಿಂದ ಬಂದ, ಹುಡುಕ್ತೀವಿ, ಅಂದೆ.
ಕತ್ತಿ ನಿಲ್ಲಿಸಿ, ಮೊದಲ ಸಲ ಕಂಡವನಂತೆ
ನಾಯಿಯನ್ನು ನೋಡಿದ.
"ನಮ್ ದುಕಾನದಿಂದ. ಇದರ ಅವ್ವನೂ ಇಲ್ಲೇ ಹುಟ್ಟ್ಯಾಳ. ಬರಕೋರಿ."

ಹುಮನಾಬಾದ್ ದಾರಿಯ ಕುರಿಹಟ್ಟಿಯಲ್ಲಿ ಬೀರಗೊಂಡ ಹೇಳಿದ:
"ತೋಳ ಬಂತಂದ್ರ ನಮ್ಮ ನಾಯಿ ತಟ್ನ ಬೊಗಳಂಗಿಲ್ರಿ.
ಮೊದಲ ಒಂದ್ ಉಸರು ಸುಮ್ಮ ಇರ್ತದ
ಮೂಗ ಎತ್ತಿ, ಯಾರೋ ಪೈಕಿಯವರು ಬಂದಂಗ.
ಆಮ್ಯಾಗ ಹಾರಿ ಬೀಳ್ತದ."
ಆ ಒಂದು ಉಸಿರಿಗೆ ನನ್ನ ಫಾರ್ಮಿನಲ್ಲಿ ಕಾಲಂ ಇಲ್ಲ.

ಅವನ ಹೆಂಡತಿ ನೀರು ತಂದಳು, ಕೊಡುವ ಮೊದಲು ಕೇಳಿದಳು:
"ನೀವ್ ಯಾರ ಪೈಕಿರಿ?"
ಚೆಂಬು ಅವಳ ಕೈಗೂ ನನ್ನ ಕೈಗೂ ನಡುವೆ ನಿಂತಿತ್ತು.
ಕಾಲೇಜಿನ ಪೈಕಿ, ಅಂದೆ.
ನಕ್ಕಳು. ಮೇಲಿಂದ ಸುರಿದಳು. ಬೊಗಸೆಯೊಡ್ಡಿ ಕುಡಿದೆ.
ಅಷ್ಟರಲ್ಲಿ ನಾಯಿ ಕೊಡದ ಪಕ್ಕದ ಬೋಗುಣಿಗೆ
ಬಾಯಿ ಹಾಕಿಯಾಗಿತ್ತು.

ತೋಳಕ್ಕೆ ಹಿಟ್ಟು ಅರಗಿಸುವ ಜೀನು ಎರಡೇ ಪ್ರತಿ,
ನಾಯಿಗೆ ಹತ್ತು, ಹದಿನಾಲ್ಕು, ಕೆಲವಕ್ಕೆ ಇನ್ನೂ ಹೆಚ್ಚು,
ಎನ್ನುತ್ತಾರೆ ಡಾಕ್ಟರು.
ಅಂದರೆ ರೊಟ್ಟಿ.
ಅಂದರೆ ಯಾವುದೋ ಒಲೆಯ ಮುಂದೆ ಯಾರೋ
ಸೀದ ಅಂಚು ಮುರಿದು ಕತ್ತಲಿಗೆ ಎಸೆದಿದ್ದಾರೆ.
ಕತ್ತಲು ಅದನ್ನು ತಿಂದಿದೆ.
ಮರುರಾತ್ರಿ ಒಂದು ಮಾರು ಹತ್ತಿರ ಬಂದು ಕೂತಿದೆ.

ಎಲ್ಲಿಯ ಒಲೆ? ಸೈಬೀರಿಯಾ ಅನ್ನುವವರಿದ್ದಾರೆ,
ಚೀನಾ ಅನ್ನುವವರಿದ್ದಾರೆ, ಎರಡು ಕಡೆ ಅನ್ನುವವರೂ.
ಜಗಳ ಮುಗಿದಿಲ್ಲ.
ಆ ಮೂಲದ ತೋಳ ಮಾತ್ರ ಈಗ ಎಲ್ಲೂ ಇಲ್ಲವಂತೆ;
ಗುಡ್ಡದಲ್ಲಿ ಊಳಿಡುವವು ದಾಯಾದಿಗಳು.

ಅವ್ವನ ಅವ್ವ ಕರುಣಮ್ಮ
ಮದುವೆಮನೆಗಳ ಹಿಂದೆ ಎಲೆ ಬೀಳುವುದನ್ನು ಕಾಯುತ್ತಿದ್ದಳು.
ನಾಯಿಗಳೂ ಕಾಯುತ್ತಿದ್ದವು.
"ಹೋಳಿಗಿ ನಂದು, ಎಲಿ ನಿಂದು ಅಂತ ಮಾತಾಗಿತ್ತವ್ವಾ ನಮ್ಮೊಳಗ,
ಒಂದಿನಾನೂ ಮುರೀಲಿಲ್ಲ ಅವು."
ನಗುತ್ತ ಹೇಳುತ್ತಿದ್ದಳು.
ನಾವು ತಟ್ಟೆ ನೋಡುತ್ತಿದ್ದೆವು.

ಮೂವತ್ತೇಳನೆಯ ನಳಿಕೆ ವಾಪಸು ಬಂತು.
ಹೈದರಾಬಾದಿನಿಂದ ಒಂದೇ ಸಾಲು:
ಕಲಬೆರಕೆ. ಮನುಷ್ಯನ ಅಂಶ ಸೇರಿದೆ. ಪರಿಗಣಿಸತಕ್ಕದ್ದಲ್ಲ.
ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು,
ಗ್ಲೌಸ್ ಹಾಕಿರಲಿಲ್ಲವಾ?

ಹಾಕಿರಲಿಲ್ಲ.
ಅದು ಚೌಬಾರದ ಮೊಂಡಬಾಲದ್ದು.
ಆ ಮಧ್ಯಾಹ್ನ ಡಬ್ಬಿ ಬಿಚ್ಚಿ ಅಲ್ಲೇ ಕೂತಿದ್ದೆ,
ನಾನು ಕಚ್ಚಿ ಉಳಿದ ರೊಟ್ಟಿ ಅದಕ್ಕೆ ಕೊಟ್ಟೆ.
ತಿಂದಿತು, ಬೆರಳ ಸಂದಿಯ ಶೇಂಗಾ ಹಿಂಡಿಯನ್ನೂ ಬಿಡದೆ ನೆಕ್ಕಿತು,
ಕಡ್ಡಿ ಹಾಕಿದ್ದು ಆಮೇಲೆ.
ಅರ್ಧ ಗಂಟೆ ಏನೂ ತಿನಿಸಬಾರದು,
ನಿಯಮ ಗೋಡೆಯ ಮೇಲೇ ಇದೆ.

ಎಸೆಯಿರಿ, ಅಂದರು.
ಎಸೆದೆ.

ನಾಳೆ ಇನ್ನೊಮ್ಮೆ ಹೋಗಬೇಕು, ಗ್ಲೌಸ್ ಹಾಕಿಕೊಂಡು.
ಗೊತ್ತು, ನನ್ನನ್ನು ಕಂಡು ಅದು ಏಳುತ್ತದೆ,
ಬಾಲ ಅರ್ಧಕ್ಕೆ ಎತ್ತಿ ಬಂದು
ರಬ್ಬರಿನ ಕೈ ಮೂಸುತ್ತದೆ.
ಒಂದು ಉಸಿರು
ಸುಮ್ಮನಿರುತ್ತದೆ.